ನಾವೊಶಿಮಾ: ಕುಲುಮೆಯ ದ್ವೀಪಕ್ಕೆ ಕಲೆ ಬಂದ ಬಗೆ

ಜಪಾನಿನ ಹೊನ್ಶು ಮತ್ತು ಶಿಕೊಕು ದ್ವೀಪಗಳ ನಡುವಿನ ಸೆಟೊ ಒಳಗಡಲಿನಲ್ಲಿ ನಾವೊಶಿಮಾ ಎಂಬ ಪುಟ್ಟ ದ್ವೀಪವಿದೆ. ವಿಸ್ತೀರ್ಣ ಸುಮಾರು 8 ಚದರ ಕಿಲೋಮೀಟರ್, ಜನಸಂಖ್ಯೆ 3000ದ ಆಸುಪಾಸು. ಹೊನ್ಶು ಕಡೆಯ ಉನೊ ಬಂದರಿನಿಂದ ಹಡಗಿನಲ್ಲಿ 20 ನಿಮಿಷದ ದಾರಿ. ಕಡಲಿಗೆ ಚಾಚಿದ ಕಟ್ಟೆಯ ತುದಿಯಲ್ಲಿ ಕೂತಿರುವ, ಕಪ್ಪು ಚುಕ್ಕೆಗಳ ಹಳದಿ ಕುಂಬಳಕಾಯಿಯಿಂದ ಈ ದ್ವೀಪ ಜಗತ್ತಿಗೆ ಪರಿಚಿತ. ಕಲಾವಿದೆ ಯಾಯೊಯಿ ಕುಸಾಮಾ ಅವರ ಆ ಶಿಲ್ಪ 1994ರಲ್ಲಿ ಅಲ್ಲಿಗೆ ಬಂತು. 2021ರ ಆಗಸ್ಟ್‌ನಲ್ಲಿ ಚಂಡಮಾರುತ ಅದನ್ನು ಸಮುದ್ರಕ್ಕೆ ಎಳೆದೊಯ್ದಾಗ, ಹೊಸದಾಗಿ ಮಾಡಿಸಿ 2022ರಲ್ಲಿ ಅದೇ ಜಾಗದಲ್ಲಿ ಕೂರಿಸಿದರು. ಅದರ ಮುಂದೆ ಫೋಟೊ ತೆಗೆಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ನಾವೊಶಿಮಾದ ಹಿರಿಮೆ ಇರುವುದು ಬೇರೆ ಕಡೆ. ನೆಲ ಉಂಡ ನೋವು ಮತ್ತು ಊರಿನವರ ಪಾಲುಗಾರಿಕೆ ಎರಡೂ ಸೇರಿಕೊಂಡಿರುವುದರಿಂದಲೇ ಇಲ್ಲಿನ ಕಲೆಗೆ ತೂಕ ಬಂದಿದೆ. ಈ ಮಾತನ್ನು ಒಪ್ಪಿದರೆ, ದ್ವೀಪದಲ್ಲಿ ಏನನ್ನು ನೋಡಬೇಕು, ಯಾವುದನ್ನು ಮೊದಲು ನೋಡಬೇಕು ಎಂಬುದೂ ಬದಲಾಗುತ್ತದೆ.

ದ್ವೀಪದ ಉತ್ತರ ತುದಿಯಲ್ಲಿ 1917ರಿಂದ ಮಿತ್ಸುಬಿಷಿಯ ತಾಮ್ರ ಕರಗಿಸುವ ಕಾರ್ಖಾನೆಯಿದೆ. ಅದು ಊರಿಗೆ ಅನ್ನ ಕೊಟ್ಟಿತು. ಅದರ ಹೊಗೆ ಗುಡ್ಡಗಳ ಮರಗಿಡಗಳನ್ನು ಒಣಗಿಸಿತು. 1959ರಲ್ಲಿ ಪಟ್ಟಣದ ಮುಖ್ಯಸ್ಥರಾದ ಚಿಕಾತ್ಸುಗು ಮಿಯಾಕೆ, ಉತ್ತರ ಭಾಗ ಕೈಗಾರಿಕೆಗೆ, ನಡುಭಾಗ ಶಾಲೆ ಮತ್ತು ಬದುಕಿಗೆ, ದಕ್ಷಿಣ ಭಾಗ ಪ್ರಕೃತಿ ಮತ್ತು ಸಂಸ್ಕೃತಿಗೆ ಎಂದು ದ್ವೀಪವನ್ನು ಹಂಚಿ ಯೋಜನೆ ಹಾಕಿದರು. ಮುಂದಿನ ಮೂರೂವರೆ ದಶಕ ಅದೇ ಹುದ್ದೆಯಲ್ಲಿದ್ದ ಅವರು ಊರಿನ ಶಾಲೆಗಳನ್ನೂ ಪುರಭವನವನ್ನೂ ವಾಸ್ತುಶಿಲ್ಪಿ ಕಜುಹಿರೊ ಇಶಿಯಿ ಅವರ ಕೈಯಲ್ಲಿ ಕಟ್ಟಿಸಿದರು. ದಕ್ಷಿಣದಲ್ಲಿ ಪ್ರವಾಸೋದ್ಯಮ ಬೆಳೆಸುವ ಮೊದಲ ಪ್ರಯತ್ನ ಕೈಗೂಡಲಿಲ್ಲ. 1985ರಲ್ಲಿ ಒಕಾಯಾಮಾದ ಪ್ರಕಾಶಕ ತೆತ್ಸುಹಿಕೊ ಫುಕುತಾಕೆ ಮಿಯಾಕೆಯವರನ್ನು ಕಂಡು, ಮಕ್ಕಳಿಗಾಗಿ ಒಂದು ಶಿಬಿರ ಕಟ್ಟುವ ಮಾತಾಡಿದರು. ಮರುವರ್ಷ ಫುಕುತಾಕೆ ತೀರಿಕೊಂಡರು; ಮಗ ಸೋಯಿಚಿರೊ ಕೆಲಸ ಮುಂದುವರಿಸಿದರು. ವಾಸ್ತುಶಿಲ್ಪಿ ತದಾವೊ ಆಂಡೊ ಅವರ ಮೇಲುಸ್ತುವಾರಿಯಲ್ಲಿ 1989ರಲ್ಲಿ ಶಿಬಿರ ತೆರೆಯಿತು, 1992ರಲ್ಲಿ ಮ್ಯೂಸಿಯಂ ಮತ್ತು ಹೋಟೆಲ್ ಒಂದೇ ಸೂರಿನಡಿ ಇರುವ ಬೆನೆಸ್ಸೆ ಹೌಸ್ ಬಂತು.

ನಾವೊಶಿಮಾಕ್ಕೆ ಹೋಗುವವರು ಮೊದಲು ಕಾಲಿಡಬೇಕಾದದ್ದು ಪೂರ್ವ ದಡದ ಹಳೆಯ ಊರು ಹೊನ್ಮುರಾಕ್ಕೆ. ಸುಟ್ಟು ಕಪ್ಪಾಗಿಸಿದ ದೇವದಾರು ಹಲಗೆಯ ಗೋಡೆ, ಹೆಂಚಿನ ಮಾಡಿನ ಮನೆಗಳ ಈ ಊರಿನಲ್ಲಿ, ಪಾಳುಬಿದ್ದ ಮನೆಗಳನ್ನೂ ಖಾಲಿ ನಿವೇಶನಗಳನ್ನೂ ಕಲಾಕೃತಿಗಳಾಗಿಸುವ ಯೋಜನೆ 1998ರಲ್ಲಿ ಶುರುವಾಯಿತು. ಅದರ ಮೊದಲ ಮನೆ ಕಾದೊಯಾ. ಒಳಗೆ, ಹಾಸು ಇರಬೇಕಾದ ಜಾಗದಲ್ಲಿ ಕಪ್ಪು ನೀರಿನ ಕೊಳ. ನೀರಿನಡಿ 125 ಅಂಕಿದೀಪಗಳು ಒಂದೊಂದೂ ತನ್ನದೇ ವೇಗದಲ್ಲಿ ಎಣಿಸುತ್ತಿರುತ್ತವೆ. ಕೆಲವು ಓಡುತ್ತವೆ, ಕೆಲವು ನಿಂತೇ ಹೋದವೇನೋ ಎನ್ನುವಷ್ಟು ನಿಧಾನ. ಆ ವೇಗಗಳನ್ನು ಗೊತ್ತುಮಾಡಿದವರು ಕಲಾವಿದ ತತ್ಸುವೊ ಮಿಯಾಜಿಮಾ ಅಲ್ಲ. 5 ವರ್ಷದ ಮಗುವಿನಿಂದ 95 ವರ್ಷದ ಹಿರಿಯರವರೆಗೆ ಊರಿನ 125 ಜನ. ಅಲ್ಲಿಂದ ನಾಲ್ಕು ಹೆಜ್ಜೆಗೆ ಮಿನಾಮಿದೆರಾ ಸಿಗುತ್ತದೆ. ಹಿಂದೆ ದೇವಾಲಯವಿದ್ದ ಜಾಗದಲ್ಲಿ ಆಂಡೊ ಕಟ್ಟಿದ ಆ ಮರದ ಕಟ್ಟಡದೊಳಗೆ ಕಗ್ಗತ್ತಲು. ಗೋಡೆ ತಡವುತ್ತ ಒಳಹೋಗಿ ಬೆಂಚಿನ ಮೇಲೆ ಕಾದು ಕೂತರೆ, ಕೆಲವು ನಿಮಿಷಗಳ ಮೇಲೆ ಎದುರಿಗೆ ಮಸುಕು ಬೆಳಕೊಂದು ತೋರುತ್ತದೆ. ಜೇಮ್ಸ್ ಟರೆಲ್ ಅವರ ಈ ಕೃತಿಯಲ್ಲಿ ಬೆಳಕು ಮೊದಲಿನಿಂದಲೂ ಅಲ್ಲೇ ಇರುತ್ತದೆ. ಕಣ್ಣು ಪಳಗುವುದು ಮಾತ್ರ ತಡ.

ಎರಡನೆಯದಾಗಿ ದಕ್ಷಿಣದ ಬೆಟ್ಟದ ಚಿಚು ಮ್ಯೂಸಿಯಂ. 2004ರಲ್ಲಿ ತೆರೆದ ಇದನ್ನು ಆಂಡೊ ಬಹುಪಾಲು ನೆಲದೊಳಗೆ ಹುದುಗಿಸಿದ್ದು, ಕಡಲತೀರದ ನೋಟಕ್ಕೆ ಭಂಗ ಬರಬಾರದೆಂದು. ಇಲ್ಲಿರುವುದು ಮೂವರೇ ಕಲಾವಿದರು: ಕ್ಲೋದ್ ಮೊನೆ, ವಾಲ್ಟರ್ ಡಿ ಮರಿಯಾ, ಜೇಮ್ಸ್ ಟರೆಲ್. ಮೊನೆಯ ನೈದಿಲೆ ಸರಣಿಯ ಐದು ಚಿತ್ರಗಳಿರುವ ಕೋಣೆಗೆ ಚಪ್ಪಲಿ ಬಿಟ್ಟು, ಸಣ್ಣ ಸಣ್ಣ ಬಿಳಿ ಅಮೃತಶಿಲೆಯ ತುಣುಕುಗಳನ್ನು ಜೋಡಿಸಿದ ನೆಲದ ಮೇಲೆ ನಡೆದು ಹೋಗಬೇಕು. ವಿದ್ಯುತ್ ದೀಪವಿಲ್ಲ, ಮೇಲಿನಿಂದ ಇಳಿಯುವ ಹಗಲ ಬೆಳಕೇ ಎಲ್ಲ. ಮೋಡ ಕವಿದರೆ ಕೊಳದ ನೀಲಿ ಕಪ್ಪಿಡುತ್ತದೆ, ಬಿಸಿಲು ಬಂದರೆ ಹೂವಿನ ಬಣ್ಣ ಮೇಲೇಳುತ್ತದೆ. ಹೀಗಾಗಿ ಫ್ರಾನ್ಸಿನ ಚಿತ್ರಕಾರನೂ ಇಲ್ಲಿ ಈ ದ್ವೀಪದ ಹವೆಗೆ ಒಳಪಟ್ಟವನೇ.

ಇದೆಲ್ಲ ಫುಕುತಾಕೆಯವರ ದೊಡ್ಡ ಕಂಪನಿಯ ಹಣ ಮತ್ತು ಒಬ್ಬ ಸಿರಿವಂತನ ಅಭಿರುಚಿ, ಹಾಳಾದ ನೆಲದ ಮೇಲೆ ಬಳಿದ ಬಣ್ಣ ಎಂಬ ಆಕ್ಷೇಪವಿದೆ. ಹಣ ಕಂಪನಿಯದು ಎಂಬುದು ನಿಜ. ಆದರೆ ದಕ್ಷಿಣವನ್ನು ಸಂಸ್ಕೃತಿಗೆ ಮೀಸಲಿಟ್ಟ ಯೋಚನೆ ಊರಿನದು, ಅದೂ ಕಂಪನಿ ಕಾಲಿಡುವುದಕ್ಕೆ ಕಾಲು ಶತಮಾನ ಮೊದಲಿನದು. ಬಣ್ಣ ಬಳಿದ ಮಾತಿಗೆ ಪಕ್ಕದ ತೇಶಿಮಾ ದ್ವೀಪವೇ ಉತ್ತರ. ಅಲ್ಲಿ 1970ರ ದಶಕದ ಕೊನೆಯಿಂದ 1990ರವರೆಗೆ ಕೈಗಾರಿಕಾ ತ್ಯಾಜ್ಯವನ್ನು ಕಾನೂನುಬಾಹಿರವಾಗಿ ಸುರಿದರು. ಊರಿನವರು ಪಟ್ಟುಬಿಡದೆ ಹೋರಾಡಿ 2000ದಲ್ಲಿ ಕಾಗಾವಾ ಪ್ರಾಂತ್ಯದ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡರು. ಸುಮಾರು 9 ಲಕ್ಷ ಟನ್ ತ್ಯಾಜ್ಯವನ್ನು ಹಡಗಿನಲ್ಲಿ ತಂದು ಸಂಸ್ಕರಿಸಿದ್ದು ಇದೇ ನಾವೊಶಿಮಾದ ಉತ್ತರ ಭಾಗದಲ್ಲಿ. 2017ರವರೆಗೆ ಆ ಕೆಲಸ ನಡೆಯಿತು. ಕಾರ್ಖಾನೆ ಇಂದಿಗೂ ಇದೆ, ಹಳೆಯ ಎಲೆಕ್ಟ್ರಾನಿಕ್ ಸಾಮಾನುಗಳಿಂದ ಲೋಹ ತೆಗೆಯುತ್ತಿದೆ. ಆದ್ದರಿಂದ ಮೂರನೆಯದಾಗಿ ತೇಶಿಮಾಕ್ಕೂ ಹೋಗಿಬರಬೇಕು. 2010ರಲ್ಲಿ ರ್ಯೂವೆ ನಿಶಿಜಾವಾ ಮತ್ತು ರೇ ನೈತೊ ಕಟ್ಟಿದ ಮ್ಯೂಸಿಯಂ ಅಲ್ಲಿದೆ: ಒಂದೂ ಕಂಬವಿಲ್ಲದ ಕಾಂಕ್ರೀಟ್ ಚಿಪ್ಪು, ಮೇಲೆ ಆಕಾಶಕ್ಕೆ ತೆರೆದ ಎರಡು ಕಿಂಡಿ, ನೆಲದಿಂದ ಒಸರಿ ಉರುಳಾಡುವ ನೀರ ಹನಿಗಳು. ನೆಲ, ನೀರು ಎರಡನ್ನೂ ಕೆಡಿಸಿಕೊಂಡಿದ್ದ ದ್ವೀಪದಲ್ಲಿ ನೀರೇ ಕೃತಿಯಾಗಿರುವುದಕ್ಕೆ ಅರ್ಥವಿದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಇಷ್ಟೆಲ್ಲ ಆದರೂ ನಾವೊಶಿಮಾದ ಜನಸಂಖ್ಯೆ 1950ರ ದಶಕದ ಕೊನೆಯಲ್ಲಿದ್ದುದರ ಅರ್ಧಕ್ಕಿಂತ ಕಡಿಮೆ. ಕಲೆ ಯುವಜನರನ್ನು ಹಿಡಿದಿಟ್ಟಿಲ್ಲ. 2010ರಿಂದ ಮೂರು ವರ್ಷಕ್ಕೊಮ್ಮೆ ನಡೆಯುವ ಸೆಟೊಉಚಿ ಕಲಾ ಉತ್ಸವದ ದಿನಗಳಲ್ಲಿ ಕಿರಿದಾದ ಓಣಿಗಳು ಕಿಕ್ಕಿರಿಯುತ್ತವೆ. ಇದನ್ನು ಒಪ್ಪಲೇಬೇಕು. ಇಡೀ ಜಪಾನನ್ನು ಕಾಡುತ್ತಿರುವ ಜನಸಂಖ್ಯೆಯ ಕುಸಿತವನ್ನು ಮ್ಯೂಸಿಯಂ ತಡೆಯಲಾರದು. ಅದರಿಂದ ಆಗುವುದು ಬೇರೆ: ಖಾಲಿಯಾದ ಮನೆಗೆ ಬೆಲೆ ಬರುತ್ತದೆ, ಹಡಗು ನಿಲ್ಲದೆ ಓಡುತ್ತದೆ, ಊಟದ ಮನೆಯೋ ವಸತಿಯೋ ನಡೆಸುವವರಿಗೆ ಬದುಕಲು ದಾರಿಯಾಗುತ್ತದೆ, ವಯಸ್ಸಾದವರಿಗೆ ತಮ್ಮ ಓಣಿಯ ಕತೆ ಕೇಳುವವರು ಸಿಗುತ್ತಾರೆ. ಕುಗ್ಗುತ್ತಿರುವ ಊರು ಗೌರವದಿಂದ ಬಾಳುವುದೂ ಒಂದು ಸಾಧನೆಯೇ. ಜನಜಂಗುಳಿಯ ಹೊಣೆ ಹೋಗುವವರದು: ಉತ್ಸವದ ಕಾಲ ಬಿಟ್ಟು ಹೋಗಿ, ಚಿಚುಗೆ ಮುಂಚೆಯೇ ಸಮಯ ಕಾಯ್ದಿರಿಸಿ, ಒಂದು ರಾತ್ರಿಯಾದರೂ ದ್ವೀಪದಲ್ಲೇ ಉಳಿಯಿರಿ. ಉತ್ತರದ ಕಾರ್ಖಾನೆಯನ್ನು ಹಡಗಿನಿಂದಲಾದರೂ ನೋಡಲು ಮರೆಯಬೇಡಿ. ದಕ್ಷಿಣದ ಮ್ಯೂಸಿಯಂಗಳು ಏಕೆ ಬೇಕಾದವೆಂಬುದಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ದ್ವೀಪದಲ್ಲಿ ಇನ್ನೊಂದಿಲ್ಲ.