ಕಪ್ಪೆಚಿಪ್ಪಿನ ಅಡುಗೆಯೂ ನಮ್ಮೂರಿನ ನೀರೂ

ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರಿಗೆ ಕಪ್ಪೆಚಿಪ್ಪು ಅಂದರೆ ಪ್ರವಾಸಕ್ಕೆ ಹೋದ ಮಕ್ಕಳು ಜೇಬಿನಲ್ಲಿ ತುಂಬಿಕೊಂಡು ಬರುವ ಆಟದ ಸಾಮಾನು. ಅದರೊಳಗೆ ಒಂದು ಜೀವವಿರುತ್ತೆ, ಅದನ್ನು ಹೆಕ್ಕಿ ತಂದು ಅಡುಗೆ ಮಾಡುತ್ತಾರೆ ಅಂದರೆ ಕೆಲವರು ಮುಖ ಸಿಂಡರಿಸಬಹುದು. ಕೆರೆ, ಗದ್ದೆಬಯಲಿನ ಏಡಿ ಹಿಡಿದು ಸಾರು ಮಾಡುವ ಮನೆಗಳು ನಮ್ಮಲ್ಲೂ ಇಲ್ಲವೇ? ಇದೂ ಹಾಗೆಯೇ. ಮಾಂಸ ತಿನ್ನದ ಸೋದರಿಯರೂ ಕೊನೆಯವರೆಗೆ ಓದಿ. ಈ ವಿಷಯ ನಮ್ಮೆಲ್ಲರ ಮನೆಯ ನಲ್ಲಿಯವರೆಗೂ ಬರುತ್ತೆ.

ನದಿ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಅನ್ನುತ್ತಾರೆ. ಸಿಹಿನೀರೂ ಉಪ್ಪುನೀರೂ ಹದವಾಗಿ ಬೆರೆಯುವ ಅಲ್ಲಿನ ಮರಳು, ಕೆಸರಿನಲ್ಲಿ ಈ ಚಿಪ್ಪುಗಳು ಬೆಳೆಯುತ್ತವೆ. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ ಇದಕ್ಕೆ ಹೆಸರುವಾಸಿ. ಆ ಕಡೆ ಇದನ್ನು ಬೆಳಚು ಅನ್ನುತ್ತಾರೆ. ಮಂಗಳೂರಿನ ತುಳು ಮಾತಿನಲ್ಲಿ ಮರುವಾಯಿ. ಸಮುದ್ರದ ನೀರು ಇಳಿದಾಗ ಹೆಂಗಸರು ಬುಟ್ಟಿ ಹಿಡಿದು ಮೊಣಕಾಲುದ್ದ, ಸೊಂಟದುದ್ದ ನೀರಿಗೆ ಇಳಿದು, ಕಾಲಿನಲ್ಲಿ ತಡವಿ ಕೈಯಲ್ಲಿ ಕೆದಕಿ ಹೆಕ್ಕುತ್ತಾರೆ. ಮತ್ತೆ ನೀರು ಏರುವುದರೊಳಗೆ ದಡ ಸೇರಬೇಕು. ಬಂಡವಾಳ ಬೇಡದ ಕೆಲಸ, ಆದರೆ ಬೆನ್ನು ಮುರಿಯುವ ಕೆಲಸ. ಭಾರತೀಯ ವಿಜ್ಞಾನ ಸಂಸ್ಥೆಯವರ ಅಧ್ಯಯನದ ಪ್ರಕಾರ ಈ ಒಂದು ಅಳಿವೆಯಲ್ಲೇ 2,000ಕ್ಕೂ ಹೆಚ್ಚು ಜನಕ್ಕೆ ಚಿಪ್ಪಿನಿಂದ ಜೀವನ ನಡೆಯುತ್ತೆ.

ಕರಾವಳಿಯ ನೆಂಟರ ಮನೆಗೆ ಹೋದಾಗ ನೀವೂ ಇದನ್ನು ಮಾಡಿ ನೋಡಬಹುದು. ಜೀವಂತ ಚಿಪ್ಪು ಬಿಗಿಯಾಗಿ ಮುಚ್ಚಿರುತ್ತೆ. ಬಾಯಿ ತೆರೆದಿದ್ದು, ತಟ್ಟಿದರೂ ಮುಚ್ಚದ್ದನ್ನು ಎಸೆಯಿರಿ. ಉಪ್ಪುನೀರಿನಲ್ಲಿ ಒಂದೆರಡು ಗಂಟೆ ಬಿಟ್ಟರೆ ಮರಳು ಉಗುಳುತ್ತೆ. ಚೆನ್ನಾಗಿ ತೊಳೆದು, ಸ್ವಲ್ಪವೇ ನೀರು ಹಾಕಿ, ಮುಚ್ಚಿ ಬೇಯಿಸಿ. ಬೆಂದ ಮೇಲೂ ಬಾಯಿ ಬಿಡದ್ದನ್ನು ತಿನ್ನಲೇಬಾರದು. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ ಹುರಿದು, ಬೆಳ್ಳುಳ್ಳಿ, ಅರಿಸಿನ, ಹುಣಸೆಹಣ್ಣಿನ ಜೊತೆ ರುಬ್ಬಿ. ಈರುಳ್ಳಿ ಬಾಡಿಸಿ, ಮಸಾಲೆಯೂ ಚಿಪ್ಪೂ ಹಾಕಿ ಕುದಿಸಿ, ಕೊನೆಗೆ ತೆಂಗಿನತುರಿ ಬೆರೆಸಿ ಇಳಿಸಿದರೆ ಮರುವಾಯಿ ಸುಕ್ಕ. ಇದೇ ಮಸಾಲೆ ಬೆಂದ ಕಡಲೆಕಾಳಿಗೂ ಹೊಂದುತ್ತೆ.

ಚಿಪ್ಪಿನ ಮಾಂಸದಲ್ಲಿ ಕಬ್ಬಿಣದ ಅಂಶ ಚೆನ್ನಾಗಿದೆ. ಆದರೆ ಈ ಜೀವ ನೀರನ್ನು ಸೋಸಿಯೇ ಆಹಾರ ಪಡೆಯುವುದರಿಂದ, ಊರ ಕೊಳಚೆ ಸೇರುವ ಕಡೆಯದ್ದು ಬೇಡ. ಕೆಲವರ ಮೈಗೆ ಒಗ್ಗುವುದಿಲ್ಲ; ಸೀಗಡಿ, ಏಡಿ ತಿಂದರೆ ತುರಿಕೆ, ಉಬ್ಬಸ ಬರುವವರು ದೂರವಿರಿ.

ಈಗ ನೀರಿನ ಮಾತಿಗೆ ಬರೋಣ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಪಕ್ಕದ ಹೊನ್ನಾವರದ ಶರಾವತಿಯ ಕಥೆ ಬೇರೆ. ಅಲ್ಲಿ ವಿದ್ಯುತ್ ಉತ್ಪಾದನೆಗಾಗಿ ಅಣೆಕಟ್ಟಿನಿಂದ ವರ್ಷವಿಡೀ ಸಿಹಿನೀರು ಬಿಡುವುದರಿಂದ ಅಳಿವೆಯ ಉಪ್ಪು ಕಡಿಮೆಯಾಗಿ, ಚಿಪ್ಪುಗಳು ಬಹಳ ಮಟ್ಟಿಗೆ ನಶಿಸಿದವು. ಹೆಕ್ಕುತ್ತಿದ್ದ ಹೆಂಗಸರ ಬುಟ್ಟಿಯೂ ಖಾಲಿಯಾಯಿತು. ಅಘನಾಶಿನಿ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣವೆಂಬ ಮನ್ನಣೆ ಸಿಕ್ಕಿತು.

ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಸಾವಿರ ಅಡಿ ಕೊರೆಸಿದರೆ ಬರುವ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್. ಹಾಗಾಗಿಯೇ ಎತ್ತಿನಹೊಳೆಗೆ ನಾವೆಲ್ಲ ಬಾಯಿಬಿಟ್ಟು ಕಾದದ್ದು. ನೇತ್ರಾವತಿಯ ಮೇಲ್ಭಾಗದ ಆ ಹೊಳೆಗಳಿಂದ ಮಳೆಗಾಲದಲ್ಲಿ 24.01 ಟಿ.ಎಂ.ಸಿ. ನೀರು ಎತ್ತಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಜಿಲ್ಲೆಗಳಿಗೆ ತರುವ ಯೋಜನೆ ಅದು. ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರಿನಲ್ಲಿ ಆಯಿತು. ಆ ಮಾತು ಬಂದಾಗಲೆಲ್ಲ "ಹೇಗೂ ಸಮುದ್ರ ಸೇರಿ ವ್ಯರ್ಥವಾಗುವ ನೀರು ತಾನೇ" ಅಂತೀವಿ.

ನಮಗೆ ನೀರು ಬೇಡ ಅಂತ ನಾನು ಹೇಳುತ್ತಿಲ್ಲ. ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವವರು ಯಾರೆಂದು ನಿಮಗೆ ಗೊತ್ತೇ ಇದೆ. ಆದರೆ ಸಮುದ್ರ ಸೇರುವ ನೀರು ವ್ಯರ್ಥವಲ್ಲ. ಅದು ನಮ್ಮಂಥವಳೇ ಒಬ್ಬಳ ಒಲೆ ಉರಿಸುತ್ತೆ. ಬಂದ ನೀರನ್ನು ಆ ಲೆಕ್ಕದಲ್ಲಿ ಬಳಸೋಣ. ನಮ್ಮ ಕೆರೆಗಳ ಹೂಳು ತೆಗೆಸಿ, ಮನೆಯ ಮಾಡಿನ ಮಳೆನೀರನ್ನು ತೊಟ್ಟಿಗೆ ಹಿಡಿದರೆ, ದೂರದ ಹೊಳೆಗೆ ಅಷ್ಟು ಕಡಿಮೆ ಕೈ ಹಾಕಬಹುದು.