ಹೊಟ್ಟೆ ತುಂಬಿದ ಮೇಲಿನ ತುತ್ತು

ಎಲೆಯಲ್ಲಿ ಮಿಕ್ಕ ಅನ್ನವನ್ನು ಹೊಟ್ಟೆ ತುಂಬಿದ ಮೇಲೂ ತಿಂದು ಮುಗಿಸಿದರೆ ಅದು ವ್ಯರ್ಥವಾಗಲಿಲ್ಲ ಎಂದು ನಂಬುತ್ತೇವೆ. ಆದರೆ ಅದಕ್ಕೆ ತಗಲಿದ ನೀರು, ಗೊಬ್ಬರ, ರೈತನ ದುಡಿಮೆ, ಒಲೆಯ ಗ್ಯಾಸು ಎಲ್ಲವೂ ಆಗಲೇ ಖರ್ಚಾಗಿವೆ. ಬೇಡದ ತುತ್ತು ಅವನ್ನು ಮರಳಿಸುವುದಿಲ್ಲ, ಹಸಿದವರ ತಟ್ಟೆಗೂ ತಲುಪುವುದಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ ಶೇ. 60ರಷ್ಟು ಮನೆಗಳದ್ದೇ. ಇತ್ತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 24ರಷ್ಟು ಮಂದಿಗೆ ತೂಕ ಹೆಚ್ಚು. ತೂಕಕ್ಕೆ ಬೇರೆ ಕಾರಣಗಳೂ ಇವೆ, ನಿಜ; ಆದರೂ ಮಕ್ಕಳು ಬಿಟ್ಟದ್ದನ್ನೆಲ್ಲ ತಾಯಿಯೇ ತಿಂದು ಮುಗಿಸಬೇಕೆಂಬ ರೂಢಿ ನನಗೆ ಅನ್ಯಾಯವೆಂದೇ ತೋರುತ್ತದೆ.

ಅನ್ನ ಚೆಲ್ಲುವುದು ಪಾಪವಲ್ಲವೇ ಎಂದು ಹಿರಿಯರು ಕೇಳಬಹುದು. ಕಸದ ರಾಶಿಯಲ್ಲಿ ಕೊಳೆತ ಆಹಾರ ಮೀಥೇನ್ ಉಗುಳಿ ಭೂಮಿಯ ಬಿಸಿ ಏರಿಸುತ್ತದೆ ಎಂಬ ಆಕ್ಷೇಪವೂ ಗಟ್ಟಿಯಾದದ್ದೇ. ಆದರೆ ತಿನ್ನುವುದು, ಎಸೆಯುವುದು ಎಂಬ ಎರಡೇ ದಾರಿಗಳಿಲ್ಲ. ಪಾತ್ರೆಯಲ್ಲಿ ಉಳಿದ ಅನ್ನವನ್ನು ಬೇಗ ತಣಿಸಿ ಫ್ರಿಜ್ಜಿನಲ್ಲಿಟ್ಟರೆ ಮರುದಿನದ ಚಿತ್ರಾನ್ನಕ್ಕಾಯಿತು. ಎಂಜಲನ್ನು ಗೊಬ್ಬರ ಮಾಡಬಹುದು. ಅದಕ್ಕಿಂತ ಮುಖ್ಯವಾದದ್ದು ಅಕ್ಕಿ ಅಳೆಯುವ ಹೊತ್ತು. ಮದುವೆಯ ಪಂಕ್ತಿಯಲ್ಲಿ ಒತ್ತಾಯಿಸಿ ಸುರಿಯುವ ಬದಲು ಕೇಳಿ ಬಡಿಸಿದರೆ ಅನ್ನಕ್ಕೂ ಅತಿಥಿಗೂ ಮರ್ಯಾದೆ ಸಲ್ಲುತ್ತದೆ.