ನಿಮಗಿದು ಗೊತ್ತೆ? ಲಕ್ಷಕ್ಕೂ ಹೆಚ್ಚು ಆಂಟೆನಾಗಳ ಮೇಲ್ವಿಚಾರಕ ಪುಣೆಯ ನೇತೃತ್ವದಲ್ಲಿ ರೂಪುಗೊಂಡ!

ಪುಣೆಯಿಂದ ಸುಮಾರು 80 ಕಿ.ಮೀ. ಉತ್ತರಕ್ಕೆ, ಖೋಡದ್ ಹಳ್ಳಿಯ ಬಳಿ ಜಿಎಂಆರ್‌ಟಿ ರೇಡಿಯೊ ದೂರದರ್ಶಕವಿದೆ. ತಲಾ 45 ಮೀಟರ್ ಅಗಲದ 30 ಡಿಶ್‌ಗಳು. ಅತಿ ದೂರದ ಎರಡರ ನಡುವೆ ಸುಮಾರು 25 ಕಿ.ಮೀ. ಅಂತರ. ಆದರೂ ಎಲ್ಲವೂ ಒಂದೇ ದೂರದರ್ಶಕದಂತೆ ದುಡಿಯಬೇಕು.

ಇದನ್ನು ನಡೆಸುವ ಪುಣೆಯ ಎನ್‌ಸಿಆರ್‌ಎ ಸಂಸ್ಥೆಗೆ ಇನ್ನೂ ದೊಡ್ಡ ಹೊಣೆ ಬಂತು. ದಕ್ಷಿಣ ಆಫ್ರಿಕಾದಲ್ಲಿ 197 ಡಿಶ್, ಆಸ್ಟ್ರೇಲಿಯಾದಲ್ಲಿ 1,31,072 ಆಂಟೆನಾಗಳಿಗೆ ಯೋಜಿಸಲಾದ ‘ಸ್ಕ್ವೇರ್ ಕಿಲೋಮೀಟರ್ ಅರೇ’ ರೇಡಿಯೊ ದೂರದರ್ಶಕಕ್ಕೆ ‘ಟೆಲಿಸ್ಕೋಪ್ ಮ್ಯಾನೇಜರ್’ ಎಂಬ ನಿಯಂತ್ರಣ ವ್ಯವಸ್ಥೆಯನ್ನು ವಿನ್ಯಾಸಗೊಳಿಸಿದ ಅಂತರರಾಷ್ಟ್ರೀಯ ತಂಡದ ನಾಯಕತ್ವ ಅದರದ್ದೇ. ವಿನ್ಯಾಸ 2018ರಲ್ಲಿ ಮುಗಿಯಿತು.

ಇಷ್ಟೊಂದು ಯಂತ್ರಗಳನ್ನು ಒಂದೇ ನಿಯಂತ್ರಕ ನೋಡಿಕೊಳ್ಳಲು ಹೋದರೆ ಆಜ್ಞೆಗಳು ಸಾಲುಗಟ್ಟಿ ನಿಲ್ಲುತ್ತವೆ. ಅದು ಕೆಟ್ಟರೆ ಎಲ್ಲವೂ ಸ್ತಬ್ಧ. ಆದ್ದರಿಂದ ಟೆಲಿಸ್ಕೋಪ್ ಮ್ಯಾನೇಜರ್‌ನಲ್ಲಿ ನಿಯಂತ್ರಕಗಳನ್ನು ಶ್ರೇಣಿಯಾಗಿ ಜೋಡಿಸಲಾಗಿದೆ. ಮೇಲಿನದು ಆಕಾಶದ ಯಾವ ಭಾಗ ನೋಡಬೇಕೆಂದು ಹೇಳುತ್ತದೆ, ನಡುವಿನದು ಆಂಟೆನಾಗಳ ಗುಂಪನ್ನು ಕಟ್ಟುತ್ತದೆ, ಕೆಳಗಿನದು ತನ್ನ ಯಂತ್ರವನ್ನಷ್ಟೇ ನಡೆಸಿ ಸ್ಥಿತಿಗತಿ ವರದಿ ಮಾಡುತ್ತದೆ. ಸಾಫ್ಟ್‌ವೇರ್ ಮೂಲಕ ನಿಯಂತ್ರಿಸುವ ದೊಡ್ಡ ಕಂಪ್ಯೂಟರ್ ಜಾಲಗಳಲ್ಲೂ (ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕ್) ಹಲವು ಕಂಟ್ರೋಲರ್‌ಗಳು ಹೀಗೆ ಹೊಣೆ ಹಂಚಿಕೊಳ್ಳುವುದುಂಟು. ಎನ್‌ಸಿಆರ್‌ಎಯ ನಮ್ಮವರ ಈ ಸಾಧನೆ ಸುದ್ದಿಯಾದದ್ದು ತೀರಾ ಕಡಿಮೆ.